ಬಿಳಿ ಪಟ್ಟಿಯ ಮೇಲಿನ ಮಣ್ಣು

ಹಾರೆ ಎರಡನೆಯ ಸಲ ನೆಲಕ್ಕಿಳಿದಾಗ ಆ ವಾಸನೆ ಬಂತು. ಕೆಮ್ಮಣ್ಣು, ಅದರೊಳಗೆ ಒಣಗಿ ಸೇರಿಹೋದ ಸೆಗಣಿ, ಕೆಳಗೆಲ್ಲೋ ಸ್ವಲ್ಪ ಗದ್ದೆಯ ಕೆಸರು. ಕೈ ತಾನಾಗಿಯೇ ನಿಂತಿತು. ನಮ್ಮೂರು ಕಿನ್ನರದ ಈ ಅಂಗಳಕ್ಕೆ ಕಾಲಿಡದೆ ಹದಿನಾಲ್ಕು ವರ್ಷವಾಗಿತ್ತು. ಬಾಳೆಗುಳಿಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ, ಅಂಕೋಲೆಯಲ್ಲಿ ಮನೆ. ಊರಿಗೆ ಬಂದರೂ ಗದ್ದೆಯ ಆಚೆಯ ದಾರಿಯಲ್ಲಿ ಬಂದು, ಅದೇ ದಾರಿಯಲ್ಲಿ ಹೋಗುತ್ತಿದ್ದೆ. ಈ ಸಲ ತಪ್ಪಿಸಿಕೊಳ್ಳಲಾಗಲಿಲ್ಲ. ಬಾಸ್ಕೆಟ್‌ಬಾಲ್ ಅಂಗಳಕ್ಕೆ ಸಿಮೆಂಟು ಹಾಕಿಸುತ್ತಾರಂತೆ, ಎಡಗಡೆಯ ಕಂಬದ ಬುಡ ತುಕ್ಕು ಹಿಡಿದಿದೆಯಂತೆ, ನೀನೇ ಹುಗಿದ ಕಂಬ, ನೀನೇ ಬಂದು ಕೀಳಬೇಕು ಎಂದು ದತ್ತಾ ಮಾವ ಫೋನು ಮಾಡಿದ್ದ.

ಆ ಎರಡು ಕಂಬ ನಾನು ಮಾಡಿದ್ದು ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಎಂಟನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಓದಿದವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಆದರೆ ಅಳತೆಯ ವಿಷಯದಲ್ಲಿ ಯಾವ ಇಂಜಿನಿಯರನಿಗೂ ತಲೆ ಬಾಗಿಸಿದವನಲ್ಲ. ನಾನು ಕೂರಿಸಿದ ಗೇಟು ನೆಲಕ್ಕೆ ಉಜ್ಜಿದ್ದನ್ನು ಕಂಡವರಿಲ್ಲ. ದತ್ತಾ ಮಾವ ಆಗ ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಕೆಲಸಕ್ಕಿದ್ದ. ಆಟ ಕಲಿತದ್ದು ಅಲ್ಲಿ. ನಮ್ಮೂರಿಗೂ ಬೇಕು ಎಂದು ಹಠ ಹಿಡಿದು ಗದ್ದೆಯ ತಲೆಯ ಪಾಳು ಜಾಗ ಸಮ ಮಾಡಿಸಿದ. ರಿಂಗು ನೆಲದಿಂದ ಹತ್ತು ಅಡಿ ಎಂದ. ನಾನು ಕಬ್ಬಿಣದ ಪೈಪಿನ ಮೇಲೆ, ನೆಲ ಎಲ್ಲಿಗೆ ಬರಬೇಕೋ ಅಲ್ಲಿ, ಬೆರಳಗಲದ ಬಿಳಿ ಪಟ್ಟಿ ಬಳಿದೆ. ಪಟ್ಟಿಯಿಂದ ರಿಂಗಿಗೆ ಸರಿಯಾಗಿ ಹತ್ತು ಅಡಿ. ಪಟ್ಟಿಯವರೆಗೆ ಹುಗಿದೆವು. ನನ್ನ ತಮ್ಮ ಉಲ್ಲಾಸನಿಗೆ ಆಗ ಹತ್ತು ವರ್ಷ. ಕಂಬ ನೆಟ್ಟಗಾಗುವಾಗ ಹಗ್ಗದ ತುದಿ ಹಿಡಿದಿದ್ದ.

ಅಂಗಳವೆಂದರೆ ನಮ್ಮ ಕಡೆ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಮಳೆ ಬಂದು ತೊಳೆದುಕೊಂಡು ಹೋಗುತ್ತದೆ. ಮಳೆ ನಿಂತ ಮೇಲೆ ಹೊಸ ಕೆಮ್ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ಹಲಗೆಯಲ್ಲಿ ಬಡಿದು, ಸೆಗಣಿ ಸಾರಿಸಬೇಕು. ಮನೆಯಂಗಳಕ್ಕೆ ಮಾಡಿದ್ದನ್ನೇ ಆಟದಂಗಳಕ್ಕೂ ಮಾಡಿದರು. ಅದು ತಗ್ಗಿನ ಜಾಗ, ನೀರು ನಿಲ್ಲುತ್ತಿತ್ತು. ಹಾಗಾಗಿ ಪ್ರತಿ ವರ್ಷ ಹಿಂದಿನದಕ್ಕಿಂತ ಒಂದು ಬೆರಳು ಹೆಚ್ಚೇ ಹಾಕುವರು. ತೊಳೆದುಹೋಗದಂತೆ ಸುತ್ತ ಚಿರೇಕಲ್ಲಿನ ಅಂಚು ಕಟ್ಟಿದ್ದರು. ಹತ್ತು ಬುಟ್ಟಿ ಮಣ್ಣು ಹೊರದವನ ಕೈಗೆ ಚೆಂಡಿಲ್ಲ ಎಂದು ದತ್ತಾ ಮಾವನೇ ಮಾಡಿದ ನೇಮ. ಉಲ್ಲಾಸ ಐವತ್ತು ಹೊರುತ್ತಿದ್ದ.

ಹದಿನಾಲ್ಕು ವರ್ಷದ ಹಿಂದಿನ ಆ ಮಳೆಗಾಲ ಹೇಳಬೇಕು. ಆಷಾಢದಲ್ಲಿ ಹಿಡಿದ ಮಳೆ ಶ್ರಾವಣ ಮುಗಿದರೂ ಬಿಡಲಿಲ್ಲ. ಮೇಲಿನ ಅಣೆಕಟ್ಟಿನ ಬಾಗಿಲು ತೆಗೆದರು. ಕಾಳಿ ಹೊಳೆ ಗದ್ದೆಗೆ ಏರಿ ಬಂತು. ಅಂಗಳ ಎಂಟು ದಿನ ನೀರಿನಡಿ ಇತ್ತು. ರಿಂಗುಗಳೆರಡು ನೀರಿನ ಮೇಲೆ ನಿಂತುಕೊಂಡು ಒಂದರ ನೆರಳು ಒಂದು ನೋಡುತ್ತಿದ್ದವು. ನೀರಿಳಿದ ಮೇಲೆ ನೋಡಿದರೆ ನೆಲವೆಲ್ಲ ಹೊಳೆಯ ಗೋಡುಮಣ್ಣು. ಈ ವರ್ಷ ಒಂದು ಬೆರಳು ಸಾಲದು, ಮೂರು ಬೆರಳು ಹಾಕುವ ಎಂದವನು ಉಲ್ಲಾಸ. ಚೌತಿಯ ಗಣಪತಿ ನೀರಿಗೆ ಹೋದ ಮರುದಿನದಿಂದಲೇ ಗುಡ್ಡದ ಮಣ್ಣು ಹೊರಲು ಶುರು. ನಾನು ಶನಿವಾರ ಸಂಜೆ ಬಾಳೆಗುಳಿಯಿಂದ ಬೈಕಿನಲ್ಲಿ ಬಂದರೆ ಹಲಗೆ ಬಡಿಯುವ ಸದ್ದು ರಸ್ತೆಗೇ ಕೇಳುತ್ತಿತ್ತು. ಧಪ್, ಧಪ್. ಅವನ ಬೆನ್ನಿನ ತುಂಬ ಕೆಂಪು ನೀರಿನ ಗೆರೆ.

ಅಷ್ಟು ಆತುರಕ್ಕೆ ಕಾರಣವಿತ್ತು. ಹುಬ್ಬಳ್ಳಿಯಲ್ಲಿ ಒಂದು ಸರಕಾರಿ ಕಚೇರಿಯವರು ತಮ್ಮ ತಂಡಕ್ಕೆ ಆಟಗಾರರನ್ನು ಆರಿಸುವವರಿದ್ದರು. ಆಯ್ಕೆಯಾದರೆ ಕೆಲಸ ಖಾಯಂ. ಉಲ್ಲಾಸ ಪಿಯುಸಿ ಮುಗಿಸಿ ಕುಳಿತಿದ್ದ, ಆಡಿದ್ದೆಲ್ಲ ನಮ್ಮ ಅಂಗಳದಲ್ಲೇ. ನಾನು ಬಿಟ್ಟ ಶಾಲೆಯನ್ನು ಅವನು ಓದಿದ್ದ. ಅಂವ ನೌಕರಿಗೆ ಸೇರಿದ ದಿನ ನನ್ನ ಲೆಕ್ಕದಲ್ಲಿ ನಾನೂ ಪಾಸಾದಂತೆ.

ಆರಿಸದೆ ಇರುತ್ತಾರೆ ಎಂದು ಊರಿನಲ್ಲಿ ಯಾರಿಗೂ ಅನಿಸಿರಲಿಲ್ಲ. ಸಂಜೆ ಚಿರೇಕಲ್ಲಿನ ಅಂಚಿನ ಮೇಲೆ ಕುಳಿತವರದು ಒಂದೇ ಮಾತು, ಯಾರ ಕಾಲದವರು ದೊಡ್ಡ ಆಟಗಾರರು ಎಂಬುದು. ಮಲ್ಲಾಪುರದಲ್ಲಿ ಕೆಲಸಕ್ಕಿದ್ದ ಸುರೇಶ, ಉಲ್ಲಾಸನ ಜೋಡಿ ಆಟಗಾರ, ಕಂಪ್ಯೂಟರಿನಲ್ಲಿ ಅಮೆರಿಕದ ಆಟ ನೋಡಿಕೊಂಡು ಬರುತ್ತಿದ್ದ. ಕಪ್ಪು ಬಿಳುಪು ಚಿತ್ರದ ಕಾಲದ ಆಟಗಾರರು ಈಗಿನವರ ಮುಂದೆ ಚೆಂಡು ಮುಟ್ಟಲಿಕ್ಕೂ ಆಗಲಿಕ್ಕಿಲ್ಲ ಎಂದು ಅವನ ವಾದ. ಕೊನೆಗೆ ಎಲ್ಲ ಬಂದು ನಿಲ್ಲುವುದು ದತ್ತಾ ಮಾವನ ಮೇಲೆ. ದತ್ತಾ ಮಾವ ತನ್ನ ಕಾಲದಲ್ಲಿ ಎರಡೂ ಕೈಯಲ್ಲಿ, ಎದೆಯಿಂದ ಚೆಂಡು ನೂಕುತ್ತಿದ್ದ. ದೂರದಿಂದ ಹಾಕಿದರೂ ಬಲೆಗೆ ಬೀಳುತ್ತಿತ್ತು, ನಾನೇ ಕಂಡಿದ್ದೇನೆ. ಆದರೆ ಹಾರಿದರೆ ಬಲೆಯ ತುದಿಯೂ ಬೆರಳಿಗೆ ಸಿಗುತ್ತಿರಲಿಲ್ಲ. ಉಲ್ಲಾಸನೋ, ಓಡಿ ಬಂದು ಹಾರಿ ರಿಂಗಿಗೆ ಕೈ ಹಾಕಿ ನೇತಾಡುತ್ತಿದ್ದ. ಅದನ್ನು ನೋಡಲು ಕಾರವಾರದಿಂದ ಬರುತ್ತಿದ್ದರು.

ದತ್ತಾ ಮಾವ ಪ್ರತಿ ಸಲ ಹೇಳುವುದು ಒಂದೇ. "ರಿಂಗು ಆಗ ಮೇಲಿತ್ತು ಮಾರಾಯಾ."

"ಹೌದೌದು. ರಿಂಗು ಕೆಳಗೆ ಬಂತೋ, ನೀವೇ ಉದ್ದ ಆದ್ರೋ, ಮಾವ?" ಎಂದು ಸುರೇಶ ಕೇಳಿದರೆ ಅಂಚಿನುದ್ದಕ್ಕೂ ನಗು. ನಾನೂ ನಕ್ಕಿದ್ದೇನೆ. ನಾನು ಉಳಿದವರಿಗಿಂತ ಹೆಚ್ಚೇ ನಕ್ಕಿದ್ದೇನೆ, ಏಕೆಂದರೆ ಆ ರಿಂಗು ಇಟ್ಟವನು ನಾನು.

ಆಯ್ಕೆಗೆ ಹೋಗುವ ಮುಂಚಿನ ವಾರ ಕಾರವಾರದ ಕಾಲೇಜಿನ ಹುಡುಗರು ಪಂದ್ಯಕ್ಕೆ ಬಂದರು. ಒಳ್ಳೆಯ ಆಟಗಾರರೇ. ಆದರೆ ಅವರು ಹಾಕಿದ ಚೆಂಡು ಒಂದಾದ ಮೇಲೊಂದು ರಿಂಗು ದಾಟಿ ಬೋರ್ಡಿಗೆ ಬಡಿದು ಹಿಂದೆ ಬರುತ್ತಿತ್ತು. ಶಕ್ತಿ ಜಾಸ್ತಿ, ಬುದ್ಧಿ ಕಮ್ಮಿ ಎಂದು ನಾವು ಚಪ್ಪಾಳೆ ತಟ್ಟಿದೆವು. ಅವರ ನಾಯಕ ಹೋಗುವಾಗ ರಿಂಗಿನ ಕೆಳಗೆ ನಿಂತು ಸ್ವಲ್ಪ ಹೊತ್ತು ಮೇಲೆ ನೋಡಿದ. ಏನೂ ಹೇಳಲಿಲ್ಲ. ಹೇಳಿದ್ದರೆ ಎಂದು ನಾನು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಅದೂ ಗೊತ್ತು.

ಹುಬ್ಬಳ್ಳಿಯ ಬಸ್ಸು ಬಾಳೆಗುಳಿಯಲ್ಲಿ ನಿಲ್ಲುತ್ತದೆ. ಆಯ್ಕೆಯ ಮರುದಿನ ಮಧ್ಯಾಹ್ನ ಉಲ್ಲಾಸ ಇಳಿದು ಸೀದಾ ಅಂಗಡಿಗೆ ಬಂದ. ನಾನು ಕಿಟಕಿಯ ಜಾಲಿ ಕೂಡಿಸುತ್ತಿದ್ದೆ. ವೆಲ್ಡಿಂಗಿನ ಕನ್ನಡಿ ಮುಖದಿಂದ ಇಳಿಸಿದಾಗ ಬಾಗಿಲಲ್ಲಿ ನಿಂತಿದ್ದ. ಬ್ಯಾಗು ಇನ್ನೂ ಹೆಗಲಲ್ಲೇ. ಮುಖ ನೋಡಿಯೇ ತಿಳಿಯಿತು. ನೀರು ಕೊಟ್ಟೆ. ಕುಡಿಯಲಿಲ್ಲ.

"ದಾದಾ, ಅಲ್ಲಿ ರಿಂಗು ಮೇಲಿತ್ತು," ಎಂದ. "ನಾ ಹಾಕಿದ್ದೆಲ್ಲ ರಿಂಗಿನ ಮುಂದಿನ ಕಂಬಿಗೇ ಬಡೀತು. ಹಾರಿದ್ರೆ ಕೈ ಸಿಕ್ಕೂಕಿಲ್ಲ. ನಗಾಡಿದ್ರು."

"ರಿಂಗು ಎಲ್ಲಾ ಕಡೆ ಹತ್ತೇ ಅಡಿ. ಹುಬ್ಬಳ್ಳಿಗೊಂದು ಕಿನ್ನರಕ್ಕೊಂದು ಇರೂಕಿಲ್ಲ. ಕೈ ನಡುಗಿದ್ದು ನಿಂದು," ಎಂದೆ ನಾನು.

ಅಷ್ಟು ಹೇಳಿ ಮತ್ತೆ ಕನ್ನಡಿ ಏರಿಸಿಕೊಂಡೆ. ಹನ್ನೆರಡು ವರ್ಷ ಅವನಿಗಾಗಿ ಕಣ್ಣು ಸುಟ್ಟುಕೊಂಡಿದ್ದೆ. ಆ ಸಿಟ್ಟು ಹಾಗೆ ಬಂತು. ಕೆಲಸ ಮುಗಿಸಿ ನೋಡುವಾಗ ಹೋಗಿಬಿಟ್ಟಿದ್ದ. ನೀರಿನ ಲೋಟ ಹಾಗೆಯೇ ಇತ್ತು, ಮೇಲೆ ಕಬ್ಬಿಣದ ಪುಡಿ ತೇಲುತ್ತಿತ್ತು.

ದೀಪಾವಳಿಗೆ ಊರಿಗೆ ಹೋದೆ. ಸಂಜೆ ಅಂಗಳದಲ್ಲಿ ಎಲ್ಲರೂ ಇದ್ದರು. ಉಲ್ಲಾಸ ಒಂದೂ ಚೆಂಡು ಹಾಕದೆ ಅಂಚಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡವನು ಎದ್ದು ಬಂದ. ಸುತ್ತ ಜನ ಇದ್ದಾರೆಂದು ದನಿ ತಗ್ಗಿಸಿದ್ದ.

"ಒಂದ್ಸಲ ಅಳದು ನೋಡು ದಾದಾ. ಒಂದೇ ಸಲ."

ಟೇಪು ನನ್ನ ಕಿಸೆಯಲ್ಲೇ ಇತ್ತು. ಹಬ್ಬದ ದಿನವೂ ಅದು ಕಿಸೆಯಲ್ಲಿ ಇರುತ್ತದೆ, ಕೆಲವರಿಗೆ ಎಲೆಯಡಿಕೆ ಇದ್ದಂತೆ. ತೆಗೆದು ಕೊಕ್ಕೆಯನ್ನು ರಿಂಗಿಗೆ ಸಿಕ್ಕಿಸಿ ಕೆಳಗೆಳೆದರೆ ಅರ್ಧ ನಿಮಿಷದ ಕೆಲಸ. ನಾನು ಕೈ ಕಿಸೆಗೆ ಹಾಕಿದೆ. ಟೇಪಿನ ತಣ್ಣಗಿನ ಡಬ್ಬಿ ಬೆರಳಿಗೆ ತಗುಲಿತು. ಸುರೇಶ ನೋಡುತ್ತಿದ್ದ, ದತ್ತಾ ಮಾವ ನೋಡುತ್ತಿದ್ದ. ನನ್ನ ಕೈಯಾರೆ ಮಾಡಿದ ಕೆಲಸವನ್ನು ನಾನೇ ಊರೆದುರು ಅನುಮಾನಪಟ್ಟು ಅಳೆಯುವುದೇ? ಕೈ ಬರಿದಾಗಿ ಹೊರಗೆ ಬಂತು.

"ನಾ ಇಟ್ಟಿದ್ದು ಹತ್ತು ಅಡಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಸೋತವ್ರು ನೆಲ ಡೊಂಕು ಅಂತ್ರು."

ಅಂವ ತಲೆ ಅಲ್ಲಾಡಿಸಿದ. ಬೇರೆಯವರ ಟೇಪು ತಂದು ತಾನೇ ಅಳೆಯಬಹುದಿತ್ತು. ಅಳೆಯಲಿಲ್ಲ. ನನ್ನ ಮಾತಿನ ಮೇಲೆ ಇನ್ನೊಂದು ಟೇಪು ಹಿಡಿಯುವವನಾಗಿದ್ದರೆ ಅಂವ ನನ್ನ ತಮ್ಮನಾಗಿರುತ್ತಿರಲಿಲ್ಲ. ತನ್ನ ಕೈಯೇ ಕೆಟ್ಟಿತು ಎಂದು ಒಪ್ಪಿಕೊಂಡ. ಆ ಮೇಲೆ ಚೆಂಡು ಮುಟ್ಟಲಿಲ್ಲ.

ಮುಂದಿನ ಆಗಸ್ಟಿನಲ್ಲಿ ಮೀನುಗಾರಿಕೆಯ ನಿಷೇಧ ಮುಗಿದ ಮೊದಲ ವಾರ ಕಾರವಾರದ ಬಂದರಿನಿಂದ ಒಂದು ಬೋಟಿಗೆ ಕೂಲಿಗೆ ಹೋದ. ನಾವು ಗದ್ದೆಯವರು, ನಮಗೆ ಸಮುದ್ರ ಗೊತ್ತಿಲ್ಲ. ಬೇಡವೆಂದು ಅಮ್ಮ ಕಾಲು ಹಿಡಿದಳಂತೆ. ನಾನು ಬೇಡ ಎನ್ನಲಿಲ್ಲ. ಸುಮ್ಮನೆ ಕೂರುವುದಕ್ಕಿಂತ ದುಡಿಯಲಿ ಎಂದೆ. ಐದನೆಯ ದಿನ ಗಾಳಿ ಎದ್ದಿತು. ಬೋಟು ಸಿಕ್ಕಿತು. ಮೂವರು ಸಿಕ್ಕಿದರು. ಅಂವ ಸಿಗಲಿಲ್ಲ.

ಆ ವರ್ಷದಿಂದ ಅಂಗಳಕ್ಕೆ ಮಣ್ಣು ಹೊರುವುದು ನಿಂತಿತು. ಸೆಗಣಿ ಸಾರಿಸಿ ಆಡಿಕೊಂಡರು. ನಾನು ಅತ್ತ ಹೋಗಲಿಲ್ಲ. ಆದರೆ ಮಳೆ ನಿಂತ ಮೊದಲ ದಿನಗಳಲ್ಲಿ ಯಾರ ಮನೆಯಲ್ಲಿ ಅಂಗಳ ಬಡಿದರೂ ನನ್ನ ಕೈ ಕಿಸೆಗೆ ಹೋಗುತ್ತದೆ. ಧಪ್, ಧಪ್. ಅಂಗಡಿಯಲ್ಲಿ ಕನ್ನಡಿ ಇಳಿಸಿದಾಗಲೆಲ್ಲ ಮೊದಲು ಬಾಗಿಲು ನೋಡುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ. ಅನುಮಾನ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನನ್ನಂಥ ಕೆಲಸಗಾರನಿಗೆ ನೆಲ ಏರಿದ್ದು ಹೊಳೆಯದೆ ಇರುತ್ತದೆಯೇ? ಹೊಳೆದದ್ದನ್ನು ಹುಗಿದಿಟ್ಟಿದ್ದೆ. ಮೊನ್ನೆ ಅದನ್ನೇ ಅಗೆಯುತ್ತಿದ್ದೆ.

ದತ್ತಾ ಮಾವ ಕುರ್ಚಿ ಹಾಕಿಸಿಕೊಂಡು ಬದಿಗೆ ಕುಳಿತಿದ್ದ. ವಯಸ್ಸು ಎಪ್ಪತ್ತು ದಾಟಿತ್ತು. ಸುರೇಶ ರಜೆ ಹಾಕಿ ಬಂದಿದ್ದ. ಅವರ ವಾದ ಇನ್ನೂ ಮುಗಿದಿರಲಿಲ್ಲ, ಹೆಸರು ಒಂದು ಹೆಚ್ಚಾಗಿತ್ತು ಅಷ್ಟೇ. ದತ್ತಾ ಮಾವನ ಮೊಮ್ಮಗಳು ಮಾನಸಾ, ಕಾರವಾರದಲ್ಲಿ ಆಟದಂಗಳವಿಲ್ಲದ ಕಾಲೇಜಿಗೆ ಹೋಗಿ ಬಂದು ಇಲ್ಲಿಯೇ ಆಡುವವಳು, ದೂರದಿಂದ ಹತ್ತು ಹಾಕಿದರೆ ಎಂಟು ಬೀಳುತ್ತದಂತೆ. ರಾಜ್ಯದ ತಂಡದ ಆಯ್ಕೆ ಇನ್ನು ಹನ್ನೆರಡು ದಿನಕ್ಕೆ. ಉಲ್ಲಾಸನಿಗಿಂತ ಇವಳೇ ದೊಡ್ಡವಳು ಎಂದು ಈಗಿನವರು, ರಿಂಗು ಹಿಡಿದು ನೇತಾಡಲಿ ನೋಡುವ ಎಂದು ಸುರೇಶ.

"ಮೊಮ್ಮಗಳು ಅಂತ ನಾ ಅವಳ ಕಡೆ ಹೇಳೂಕಿಲ್ಲ," ಎಂದ ದತ್ತಾ ಮಾವ. "ಉಲ್ಲಾಸನ ಕೈ ಬೇರೆ."

ಒಂದು ಗೇಣು ಮಣ್ಣು ತೆಗೆದಿರಬೇಕು. ಕೆಮ್ಮಣ್ಣಿನಲ್ಲಿ ಪದರ ಪದರ ಕಾಣುತ್ತಿತ್ತು, ಒಂದೊಂದು ಪದರದ ಮೇಲೆ ಸೆಗಣಿಯ ಕಪ್ಪು ಗೆರೆ. ಒಂದೊಂದು ವರ್ಷ. ಎಲ್ಲಕ್ಕಿಂತ ಮೇಲಿನದು ದಪ್ಪ, ಮೂರು ಬೆರಳು. ಕೆಳಗೆ ಕೈ ಹಾಕಿ ಪೈಪು ಒರೆಸಿದೆ. ತುಕ್ಕಿನ ನಡುವೆ ಬಿಳಿ ಪಟ್ಟಿ ಇತ್ತು. ಅಲ್ಲಲ್ಲಿ ಎದ್ದುಹೋಗಿದ್ದರೂ ಪಟ್ಟಿಯೇ.

ಎದ್ದು ನಿಂತೆ. ಟೇಪು ತೆಗೆದು ಕೊಕ್ಕೆಯನ್ನು ರಿಂಗಿಗೆ ಸಿಕ್ಕಿಸಿ, ಅಗೆಯದ ನೆಲದವರೆಗೆ ಎಳೆದೆ. ಹದಿನಾಲ್ಕು ವರ್ಷ ತಡವಾಗಿ, ಅರ್ಧ ನಿಮಿಷದ ಕೆಲಸ. ಒಂಬತ್ತು ಅಡಿ ಮೂರು ಇಂಚು.

ಸುರೇಶ ಹತ್ತಿರ ಬಂದು ಟೇಪು ನೋಡಿದ, ಹೊಂಡ ನೋಡಿದ. ಅವನು ಓದಿದವನು, ಹೇಳಬೇಕಾಗಲಿಲ್ಲ. ನನ್ನ ತೋಳು ಹಿಡಿದ.

"ಮುಚ್ಚಿಬಿಡು ದಾದಾ. ಹೊಸ ಕಂಬ ಸರಿಯಾಗಿ ಹಾಕು, ಮುಗೀತು. ರಿಂಗು ಹಿಡಿದವ ಅಂತ ಅವನದೊಂದು ಹೆಸ್ರು ಅದೆ ಊರಲ್ಲಿ. ಹೋದವನದು ಅದನ್ನೂ ಎಂತಕ್ಕೆ ತೆಗೀತೆ?"

ಅವನು ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಆ ಹೆಸರಿನ ಜೊತೆ ನನ್ನ ಹೆಸರೂ ಉಳಿಯುತ್ತಿತ್ತು. ವೆಲ್ಡಿಂಗಿನ ಗಣಪತಿಯ ಅಳತೆ ತಪ್ಪುವುದಿಲ್ಲ ಎಂಬ ಹೆಸರು. ಅದೊಂದೇ ನಾನು ಗಳಿಸಿದ ಪದವಿ. ಹಾರೆಯಿಂದ ಆ ಮಣ್ಣು ಹಿಂದಕ್ಕೆ ಎಳೆದರೆ ಸಾಕಿತ್ತು. ಆದರೆ ಹೊಸ ಕಂಬದ ಕೆಳಗೆ ನಿಂತು ಆ ಹುಡುಗಿ ಚೆಂಡು ಹಾಕುತ್ತಾಳೆ, ಎಲ್ಲ ಮುಂದಿನ ಕಂಬಿಗೆ ಬಡಿಯುತ್ತದೆ, ಹನ್ನೆರಡು ದಿನ ಇರುವಾಗ ತನ್ನ ಕೈ ಕೆಟ್ಟಿತು ಎಂದುಕೊಳ್ಳುತ್ತಾಳೆ. ಹೊಸ ಕಂಬವೇ ತಡವಾದರೆ ಇನ್ನೂ ಕಷ್ಟ. ಆಯ್ಕೆಗೆ ಹೋಗಿ, ನಮ್ಮವರು ಯಾರೂ ಇಲ್ಲದ ಕಡೆ, ಅದನ್ನೇ ಅಂದುಕೊಳ್ಳುತ್ತಾಳೆ.

"ಅಂವ ಆಡೂಕೆ ಬರದೆ ಸೋತಿದ್ದಲ್ಲ ಸುರೇಶಾ," ಎಂದೆ. "ನನ್ನ ಮಾತು ನಂಬಿ ಸೋತಿದ್ದು. ಊರಿಗೆ ಅದೂ ಗೊತ್ತಾಗ್ಲಿ."

ದತ್ತಾ ಮಾವನ ಮುಂದೆ ಹೋಗಿ ನಿಂತೆ. ಮಾವ, ರಿಂಗು ಮೇಲಿತ್ತು, ನೀವು ಹೇಳಿದ್ದು ಖರೆ ಎಂದೆ. ಗೆದ್ದವನ ಮುಖ ಮಾಡುತ್ತಾನೆ ಎಂದುಕೊಂಡಿದ್ದೆ. ಅಂವ ಕೋಲೂರಿ ಎದ್ದು ಬಂದು ಹೊಂಡದ ಬದಿಗೆ ಬಗ್ಗಿದ. ಮೇಲಿನ ದಪ್ಪ ಪದರವನ್ನು ಹೆಬ್ಬೆರಳಿನಿಂದ ಮುಟ್ಟಿದ. ಹೆಬ್ಬೆರಳು ಕೆಂಪಾಯಿತು. ಪದರ ಗಟ್ಟಿಯಾಗಿ ನಿಂತಿತ್ತು, ಉದುರಲಿಲ್ಲ.

"ಇದು ಉಲ್ಲಾಸ ಬಡಿದ ನೆಲ," ಎಂದ. "ಹತ್ತು ಬುಟ್ಟಿ ಅಂತ ನೇಮ ಮಾಡಿದ್ದು ನಾನು."

ಉಲ್ಲಾಸ ಹತ್ತು ಅಡಿಯ ರಿಂಗು ಹಿಡಿಯುತ್ತಿದ್ದನೇ, ದತ್ತಾ ಮಾವ ಒಂಬತ್ತೂಕಾಲು ಅಡಿಯ ರಿಂಗಿಗೆ ಹಾರಿದ್ದರೆ ಬೆರಳು ತಾಗುತ್ತಿತ್ತೇ, ಇದನ್ನು ಅಂಚಿನ ಮೇಲೆ ಕುಳಿತವರು ಇನ್ನು ಮುಂದೆಯೂ ವಾದಿಸಲಿ. ತೀರಿಸಿ ಹೇಳಬೇಕಾದ ಕಾಲುಗಳಲ್ಲಿ ಎರಡು ಈಗ ಕೋಲೂರಿ ನಿಂತಿವೆ, ಎರಡು ಸಮುದ್ರದಲ್ಲಿವೆ.

ಬಲಗಡೆಯ ಕಂಬ ಇನ್ನೂ ಗಟ್ಟಿ ಇತ್ತು. ಹೊಸ ಕಂಬಕ್ಕೆ ಕಾಯದೆ ಅದರ ಬೋರ್ಡು ಬಿಚ್ಚಿಸಿದೆ. ಗಾಡಿಯಲ್ಲಿದ್ದ ಪಟ್ಟಿ ಕಬ್ಬಿಣ ಕತ್ತರಿಸಿ, ಹಿಡಿಕೆ ಮಾಡಿ, ಒಂದು ಗೇಣು ಮೇಲೆ ಕೂಡಿಸಿದೆ. ಸುರೇಶನೇ ಏಣಿ ಹಿಡಿದ. ಕೆಲಸ ಮುಗಿದ ಮೇಲೆ ಅಳೆದೆ. ಎರಡನೆಯ ಸಲ ಅಳೆದೆ. ಆಮೇಲೆ ಟೇಪನ್ನು ಸುರೇಶನ ಕೈಗೆ ಕೊಟ್ಟು, ನೀನೂ ಅಳೆ ಎಂದೆ.

ಮಾನಸಾ ನಾಲ್ಕರ ಬಸ್ಸಿಗೆ ಬಂದಳು. ಅವಳಿಗೂ ಅಲ್ಲಿದ್ದವರಿಗೂ ಒಟ್ಟಿಗೆ, ಹೊಂಡ ತೋರಿಸಿ, ಮೊದಲಿನಿಂದ ಹೇಳಿದೆ. ಹಬ್ಬದ ದಿನ ಕಿಸೆಯಲ್ಲಿ ಟೇಪು ಇದ್ದದ್ದನ್ನೂ ಹೇಳಿದೆ. ಅದು ಯಾರಿಗೂ ಗೊತ್ತಿರಲಿಲ್ಲ. ಸುರೇಶ ನೆಲ ನೋಡಿದ. ಅವಳು ಚಪ್ಪಲಿ ಕಳಚಿ, ಬೂಟು ಕಟ್ಟಿಕೊಂಡು, ತನ್ನ ಎಂದಿನ ಜಾಗಕ್ಕೆ ಹೋಗಿ ನಿಂತಳು.

ಮೊದಲನೆಯದು ಮುಂದಿನ ಕಂಬಿಗೆ ಬಡಿಯಿತು. ಠಣ್. ಎರಡನೆಯದೂ ಅಲ್ಲಿಗೇ. ಮೂರು, ನಾಲ್ಕು. ಆ ಸದ್ದು ನನಗೆ ಹೊಸದು. ನಮ್ಮ ಅಂಗಳದಲ್ಲಿ ಆ ಸದ್ದು ಅಷ್ಟು ಸಲ ಒಟ್ಟಿಗೆ ಯಾರೂ ಕೇಳಿರಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ತಮ್ಮ ಕೇಳಿದ್ದು ಅದನ್ನೇ. ಬಸ್ಸಿನಲ್ಲಿ ಘಟ್ಟ ಇಳಿದು ಬಾಳೆಗುಳಿಯವರೆಗೂ ಕಿವಿಯಲ್ಲಿ ಇಟ್ಟುಕೊಂಡು ಬಂದದ್ದೂ ಅದನ್ನೇ. ನನ್ನ ಬಾಗಿಲಿಗೆ ತಂದಿದ್ದ.

ಏಳನೆಯದಕ್ಕೆ ಅವಳು ಚೆಂಡು ಸೊಂಟಕ್ಕೆ ಒತ್ತಿ ನಿಂತಳು. ಬೆವರು ಒರೆಸಿಕೊಳ್ಳುತ್ತ ರಿಂಗು ನೋಡಿದಳು, ಆಮೇಲೆ ನನ್ನನ್ನು.

"ಗಣಪತಿ ಮಾಮಾ, ಉಲ್ಲಾಸ ಕಾಕಾಗೆ ಅಲ್ಲಿ ಹಿಂಗೇ ಆಗಿತ್ತಾ?"

"ಹೌದು. ಹಿಂಗೇ."

"ರಿಂಗಿನ ಬುಡದಲ್ಲಿ ಯಾರಾದ್ರೂ ಇದ್ರಾ, ಮೇಲೆ ಹಾಕು ಅಂತ ಹೇಳೂಕೆ?"

"ಇರ್ಲಿಲ್ಲ," ಎಂದೆ.

ಟೇಪನ್ನು ಕಿಸೆಯಿಂದ ತೆಗೆದು ಚಿರೇಕಲ್ಲಿನ ಮೇಲಿಟ್ಟೆ. ಹೋಗಿ ರಿಂಗಿನ ಕೆಳಗೆ ನಿಂತೆ. ಈ ಆಟ ನಾನು ಆಡಿದವನಲ್ಲ, ಚೆಂಡು ಹಿಡಿಯಲಿಕ್ಕೂ ಸರಿ ಬರುವುದಿಲ್ಲ. ಅವಳು ಹಾಕಿದಳು. ಕಂಬಿಗೆ ಬಡಿದು ನನ್ನ ಎದೆಗೆ ಬಂತು. ಇನ್ನೂ ಮೇಲೆ ಎಂದು ಹೇಳಿ ಹಿಂದಕ್ಕೆ ಎಸೆದೆ. ಮತ್ತೆ ಬಂತು. ಮತ್ತೆ ಎಸೆದೆ. ಹೊಳೆಯ ಕಡೆಯ ಬೆಳಕು ಇಳಿಯುವವರೆಗೆ ಇನ್ನೂ ಮೇಲೆ, ಇನ್ನೂ ಮೇಲೆ ಎನ್ನುತ್ತಲೇ ಇದ್ದೆ. ಕೊನೆಕೊನೆಗೆ ಚೆಂಡು ಸದ್ದಿಲ್ಲದೆ ಬಲೆಯೊಳಗಿಂದ ಇಳಿದು ನೇರ ನನ್ನ ಕೈಗೆ ಬೀಳತೊಡಗಿದಾಗಲೂ, ಯಾರಿಗೆ ಹೇಳುತ್ತಿದ್ದೇನೆ ಎಂದು ಗೊತ್ತಿದ್ದೂ, ಬಾಯಿ ನಿಲ್ಲಲಿಲ್ಲ.